ಪಟ್ಟದಕಲ್ಲು ನೋಡಿಯೇ ಎಲ್ಲೋರಕ್ಕೆ ಹೋಗಿ

ಛತ್ರಪತಿ ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ ಬಸ್ ನಿಲ್ದಾಣ. ಬೆಳಿಗ್ಗೆ ಏಳು ಗಂಟೆ. ಎದುರಿಗೆ ಬಂದು ನಿಂತ ಕೆಂಪು ಎಸ್‌ಟಿ ಬಸ್ಸಿನ ಬೋರ್ಡಿನ ಮೇಲೆ ದೇವನಾಗರಿಯಲ್ಲಿ ದಪ್ಪಗೆ ‘ಕನ್ನಡ’ ಎಂದು ಬರೆದಿತ್ತು. ನಾನು ಭಾವನ ಮುಖ ನೋಡಿದೆ, ಭಾವ ನನ್ನ ಮುಖ ನೋಡಿದರು. ಕನ್ನಡ ಎಂಬುದು ಆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿಗೆ ಹೋಗುವ ಬಸ್ಸು ಎಲ್ಲೋರದ ಮೇಲೆಯೇ ಹಾದುಹೋಗುತ್ತದೆ. ಖುಷಿಯಿಂದ ಹತ್ತಿ ಕೂತು, ಕಂಡಕ್ಟರಿಗೆ ‘ವೆರೂಳ್ ಲೇಣಿ, ದೋನ್’ ಎಂದೆ. ಎಲ್ಲೋರ ಅಲ್ಲಿಯವರ ಬಾಯಲ್ಲಿ ವೆರೂಳ್, ಗುಹೆ ಎಂದರೆ ಲೇಣಿ. ಆತ ಟಿಕೆಟ್ ಕೊಡುವ ಮೊದಲೇ ಹೇಳಿದ: ‘ಆಜ್ ಮಂಗಳವಾರ್. ಲೇಣಿ ಬಂದ್.’

ಮೂರು ತಿಂಗಳಿಂದ ಹಾಕಿದ್ದ ಲೆಕ್ಕ. ರೈಲು, ಬಸ್ಸು, ಲಾಡ್ಜು ಎಲ್ಲ ನೋಡಿಕೊಂಡಿದ್ದೆ, ವಾರದ ರಜೆ ಯಾವತ್ತು ಎಂಬುದೊಂದನ್ನು ಬಿಟ್ಟು. ಆದ್ದರಿಂದ ಈ ಲೇಖನದ ಮೊದಲ ಸಲಹೆ ಇದು: ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ ರಜೆ. ಕ್ಯಾಲೆಂಡರಿನಲ್ಲಿ ಈ ಎರಡಕ್ಕೂ ಗುರುತು ಹಾಕಿ, ಆಮೇಲೆ ರೈಲಿನ ಟಿಕೆಟ್ ತೆಗೆಯಿರಿ.

ಎರಡನೆಯ ಸಲಹೆಗೇ ಈ ಲೇಖನ ಬರೆಯುತ್ತಿರುವುದು. ಎಲ್ಲೋರಕ್ಕೆ ಹೋಗುವ ಮುಂಚೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಒಂದು ಬೆಳಗು ಕಳೆಯಿರಿ. ಕಾಲೇಜಿನ ದಿನಗಳಲ್ಲಿ ಪ್ರವಾಸದ ಬಸ್ಸಿನಲ್ಲಿ ಹೋಗಿ ನಾನು ಎಲ್ಲೋರ ನೋಡಿದ್ದೆ. ‘ಅಬ್ಬಾ, ಎಷ್ಟು ದೊಡ್ಡದು’ ಎಂದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಈ ಸಲ ಪಟ್ಟದಕಲ್ಲಿನಿಂದಲೇ ಹೊರಟಿದ್ದೆವು. ಕೈಲಾಸ ದೇವಾಲಯದ ಬಾಗಿಲು ದಾಟಿದ ಕೂಡಲೇ ಪರಿಚಯದ ಮನೆಯೊಳಗೆ ಕಾಲಿಟ್ಟ ಹಾಗಾಯಿತು.

ಒಂದೇ ತಲೆಮಾರಿನ ಅಂತರ

ಎಲ್ಲೋರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1983ರಲ್ಲಿ. ಅಜಂತಾ, ತಾಜ್‌ಮಹಲ್, ಆಗ್ರಾ ಕೋಟೆಗಳ ಜತೆಗೆ ಭಾರತದಿಂದ ಹೋದ ಮೊದಲ ಕಂತಿನಲ್ಲೇ ಅದಿತ್ತು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಸೇರಿದವು. ಪಟ್ಟಿಯಲ್ಲಿ ಎಲ್ಲೋರ, ಪಟ್ಟದಕಲ್ಲು ಬೇರೆ ಬೇರೆ ಸಾಲುಗಳು, ಬೇರೆ ಬೇರೆ ರಾಜ್ಯಗಳು. ಚರಿತ್ರೆಯಲ್ಲಿ ಮಾತ್ರ ಒಂದರ ಕೈ ಹಿಡಿದು ಇನ್ನೊಂದು ನಡೆದಿದೆ.

ಕತೆ ಕಂಚಿಯಿಂದ ಶುರುವಾಗುತ್ತದೆ. ಪಲ್ಲವರ ರಾಜಸಿಂಹ 8ನೇ ಶತಮಾನದ ಆರಂಭದಲ್ಲಿ ಅಲ್ಲಿ ಕೈಲಾಸನಾಥ ದೇವಾಲಯ ಕಟ್ಟಿಸಿದ. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ (733–745) ಕಂಚಿಯನ್ನು ಗೆದ್ದ. ಗೆದ್ದವನು ಗುಡಿಯನ್ನು ಸುಲಿಯಲಿಲ್ಲ. ದೇವರ ಒಡವೆಯನ್ನು ದೇವರಿಗೇ ಬಿಟ್ಟುಕೊಟ್ಟೆ ಎಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಬರೆಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಲೋಕೇಶ್ವರ, ಈಗಿನ ವಿರೂಪಾಕ್ಷ. ಪಕ್ಕದ ಮಲ್ಲಿಕಾರ್ಜುನ ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯದು. ಆಕೆಯೂ ಅದೇ ಅರಸನ ರಾಣಿ.

ಹತ್ತಿಪ್ಪತ್ತು ವರ್ಷ ಕಳೆಯುವುದರೊಳಗೆ ಚಾಲುಕ್ಯರ ಆಳ್ವಿಕೆ ಮುಗಿಯಿತು. 753ರ ಸುಮಾರಿಗೆ ರಾಷ್ಟ್ರಕೂಟ ದಂತಿದುರ್ಗ ಅವರನ್ನು ಸೋಲಿಸಿದ. ಅವನ ನಂತರ ಪಟ್ಟಕ್ಕೆ ಬಂದವನು ಅವನ ಚಿಕ್ಕಪ್ಪ ಒಂದನೆಯ ಕೃಷ್ಣ. ಎಲ್ಲೋರದ ಬೆಟ್ಟದಲ್ಲಿ ಕೈಲಾಸವನ್ನು ಕೊರೆಸಿದ ಹೆಸರು ಈ ಕೃಷ್ಣನದು. ಕೆಲಸ ದಂತಿದುರ್ಗನ ಕಾಲದಲ್ಲೇ ಶುರುವಾಗಿತ್ತು ಎನ್ನುವ ವಿದ್ವಾಂಸರಿದ್ದಾರೆ, ಕೃಷ್ಣನ ನಂತರವೂ ಮುಂದುವರಿಯಿತು ಎನ್ನುವವರೂ ಇದ್ದಾರೆ. ಆದರೆ ಅದರ ನಕ್ಷೆಗೆ ವಿರೂಪಾಕ್ಷವೇ ಮಾದರಿ ಎಂಬುದನ್ನು ಬಹುಮಂದಿ ಒಪ್ಪುತ್ತಾರೆ. ಎರಡರ ನಡುವೆ ಇರುವುದು ಒಂದೇ ತಲೆಮಾರು. ವಿರೂಪಾಕ್ಷದ ಅಂಗಳದಲ್ಲಿ ಉಳಿ ಹಿಡಿದು ಕೆಲಸ ಕಲಿತ ಹುಡುಗನೊಬ್ಬ ನಡುವಯಸ್ಸಿನಲ್ಲಿ ಎಲ್ಲೋರದ ಬೆಟ್ಟ ಹತ್ತಿರಬಹುದು ಎಂದುಕೊಂಡರೆ ಕಾಲದ ಲೆಕ್ಕವೇನೂ ತಪ್ಪುವುದಿಲ್ಲ.

ಪಟ್ಟದಕಲ್ಲಿನಲ್ಲಿ ಏನು ಗಮನಿಸಬೇಕು

ಪಟ್ಟದಕಲ್ಲು ಬಾದಾಮಿಯಿಂದ 22 ಕಿ.ಮೀ. ಬಸ್ಸು ಸಿಗುತ್ತದೆ, ಟಂಟಂ ಸಿಗುತ್ತದೆ. ಬಾದಾಮಿ ಕಡೆಯಿಂದ ಬರುವಾಗ ಊರಿಗೆ ಮುಂಚೆಯೇ ರಸ್ತೆ ಬದಿಗೆ ರಾಷ್ಟ್ರಕೂಟರ ಕಾಲದ ಜೈನ ಬಸದಿ ಕಾಣುತ್ತದೆ. ಹೆಚ್ಚಿನವರು ಇಳಿಯುವುದೇ ಇಲ್ಲ. ನೀವು ಹತ್ತು ನಿಮಿಷ ಇಳಿಯಿರಿ. ಚಾಲುಕ್ಯರು ಹೋದ ಮೇಲೂ ಇಲ್ಲಿ ಕಲ್ಲಿನ ಕೆಲಸ ನಿಂತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಮುಖ್ಯ ಆವರಣದಲ್ಲಿ ಉತ್ತರದ ನಾಗರ ಶೈಲಿ, ದಕ್ಷಿಣದ ದ್ರಾವಿಡ ಶೈಲಿ ಅಕ್ಕಪಕ್ಕದಲ್ಲೇ ನಿಂತಿವೆ. ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥಗಳ ಶಿಖರ ಬಾಗುತ್ತ ಮೇಲೇರುತ್ತದೆ. ಸಂಗಮೇಶ್ವರ, ಮಲ್ಲಿಕಾರ್ಜುನ, ವಿರೂಪಾಕ್ಷಗಳದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇದನ್ನು ಕಣ್ಣಲ್ಲಿ ತುಂಬಿಕೊಂಡು ನೇರವಾಗಿ ವಿರೂಪಾಕ್ಷಕ್ಕೆ ಬನ್ನಿ.

ಅಲ್ಲಿ ಐದು ಸಂಗತಿ ಗುರುತಿಟ್ಟುಕೊಳ್ಳಿ. ಒಂದು, ಸುತ್ತಲ ಪ್ರಾಕಾರ ಮತ್ತು ಅದರ ಬಾಗಿಲು. ಎರಡು, ಗುಡಿಯಿಂದ ಬಿಡಿಯಾಗಿ ನಿಂತ ನಂದಿ ಮಂಟಪ. ಮೂರು, ಸಭಾಮಂಟಪಕ್ಕೆ ಮೂರು ಕಡೆಯಿಂದ ಇರುವ ಮುಖಮಂಟಪಗಳು. ನಾಲ್ಕು, ಒಳಗಿನ ದಪ್ಪ ಚೌಕ ಕಂಬಗಳು ಮತ್ತು ಅವುಗಳ ಮೇಲೆ ಸಣ್ಣಸಣ್ಣ ಪಟ್ಟಿಕೆಗಳಲ್ಲಿ ಬಿಡಿಸಿದ ರಾಮಾಯಣ, ಮಹಾಭಾರತದ ಕತೆ. ಐದು, ಶಿಖರದ ಮುಂಭಾಗಕ್ಕೆ ಮೂಗಿನಂತೆ ಚಾಚಿದ ಶುಕನಾಸ. ಬೇಕಿದ್ದರೆ ಒಂದು ಚೀಟಿಯಲ್ಲಿ ಗೀಚಿಕೊಳ್ಳಿ. ನಾನು ಹಾಗೇ ಮಾಡಿದೆ. ಎಲ್ಲೋರದಲ್ಲಿ ಆ ಚೀಟಿ ಗೈಡಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಹೊರಡುವ ಮುನ್ನ ಪೂರ್ವದ ಬಾಗಿಲಿನ ಬಳಿ ನಿಲ್ಲಿ. ಅಲ್ಲಿಯ ಕನ್ನಡ ಶಾಸನದಲ್ಲಿ ಒಬ್ಬ ಶಿಲ್ಪಿಯ ಹೆಸರಿದೆ: ಗುಂಡ ಅನಿವಾರಿತಾಚಾರಿ. ಅರಸು ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟ ಸಂಗತಿಯೂ ಇದೆ. ಸಾವಿರದ ಇನ್ನೂರೈವತ್ತು ವರ್ಷಕ್ಕೂ ಹಿಂದೆ, ಕಟ್ಟಿಸಿದವರ ಹೆಸರಿನ ಜತೆಗೆ ಕಟ್ಟಿದವನ ಹೆಸರನ್ನೂ ಕಲ್ಲಿನಲ್ಲಿ ಬರೆಸಿದ ಊರು ಇದು. ಈ ಹೆಸರನ್ನು ನೆನಪಿಡಿ, ಎಲ್ಲೋರದಲ್ಲಿ ಬೇಕಾಗುತ್ತದೆ.

ಆವರಣದಿಂದ ಹೊರಗೆ ಬಂದರೆ ಬುಟ್ಟಿ ಇಟ್ಟುಕೊಂಡ ತಾಯಂದಿರು ‘ಬರ್ರಿ ಅಣ್ಣಾರ, ರೊಟ್ಟಿ ಐತಿ, ಮೊಸರೈತಿ’ ಎಂದು ಕರೆಯುತ್ತಾರೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆಯ ಗಟ್ಟಿ ಮೊಸರು. ಬೇರೆ ಊಟ ಹುಡುಕಬೇಡಿ. ಸಮಯವಿದ್ದರೆ ಐಹೊಳೆಗೂ ಹೋಗಿ. ವಿಶ್ವ ಪರಂಪರೆಯ ಪಟ್ಟ ಪಟ್ಟದಕಲ್ಲಿಗೆ ಮಾತ್ರ ಸಿಕ್ಕಿದೆ, ಬಾದಾಮಿ ಐಹೊಳೆಗಳಿಗಿಲ್ಲ. ಆದರೆ ಮೊದಲ ಪಾಠ ಬರೆದ ಪಾಟಿ ಅವೇ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಬಂಡೆ ಕೊರೆದು ಗುಡಿ ಮಾಡುವ ವಿದ್ಯೆ ನಮ್ಮ ನೆಲಕ್ಕೆ ಎಷ್ಟು ಹಳೆಯದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಎಲ್ಲೋರ: ಮೊದಲು ಮೇಲೆ ಹತ್ತಿ

ಎಲ್ಲೋರದಲ್ಲಿ ಸಂಖ್ಯೆ ಹಾಕಿದ ಗುಹೆಗಳು 34. 1ರಿಂದ 12 ಬೌದ್ಧ, 13ರಿಂದ 29 ಹಿಂದೂ, 30ರಿಂದ 34 ಜೈನ. ಸುಮಾರು 600ರಿಂದ 1000ದವರೆಗೆ, ನಾಲ್ಕು ನೂರು ವರ್ಷ ನಡೆದ ಕೆಲಸ. ಪಶ್ಚಿಮಕ್ಕೆ ಮುಖ ಮಾಡಿದ ಬೆಟ್ಟದ ಸಾಲಿನಲ್ಲಿ ಸುಮಾರು ಎರಡು ಕಿ.ಮೀ. ಉದ್ದಕ್ಕೆ ಹರಡಿವೆ. 1ನೇ ನಂಬರಿನಿಂದ ಶುರುಮಾಡಿದವರು ಕೈಲಾಸಕ್ಕೆ ಬರುವ ಹೊತ್ತಿಗೆ ಕಾಲು ಸೋತಿರುತ್ತದೆ, ಜನ ತುಂಬಿರುತ್ತಾರೆ. ಬಾಗಿಲು ತೆರೆದ ಕೂಡಲೇ 16ನೇ ನಂಬರಿಗೆ, ಅಂದರೆ ಕೈಲಾಸಕ್ಕೆ ನಡೆಯಿರಿ.

ಒಳಗೆ ಹೋಗಬೇಡಿ. ಕೈಲಾಸಕ್ಕೆ ಎದುರಾಗಿ ನಿಂತರೆ ಬಲಗಡೆಯಿಂದ ಬೆಟ್ಟದ ಮೇಲಕ್ಕೆ ದಾರಿ ಇದೆ. ಮಳೆಗಾಲದಲ್ಲಿ ಜಾರುತ್ತದೆ, ಕಾವಲಿನವರು ಬೇಡವೆಂದರೆ ಬಿಟ್ಟುಬಿಡಿ. ಹತ್ತಲು ಬಿಟ್ಟರೆ ಮಾತ್ರ ತಪ್ಪಿಸಬೇಡಿ. ಮೇಲಿನಿಂದ ಬಗ್ಗಿ ನೋಡಿದರೆ ಗುಡಿಯ ಶಿಖರ ನಿಮ್ಮ ಕಾಲಿನ ಮಟ್ಟದಲ್ಲಿರುತ್ತದೆ, ಮಂಟಪದ ಚಾವಣಿಯ ಮೇಲೆ ನಾಲ್ಕು ಸಿಂಹಗಳು ಕಮಲದ ಸುತ್ತ ನಿಂತಿರುತ್ತವೆ. ಈ ಕೆಲಸ ಹೇಗೆ ನಡೆಯಿತೆಂದು ಪುಸ್ತಕ ಹತ್ತು ಪುಟದಲ್ಲಿ ಹೇಳುವುದು ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಕಟ್ಟಿದ್ದಲ್ಲ, ಮೇಲಿನಿಂದ ಕೆಳಕ್ಕೆ ಕೊರೆದದ್ದು. ಮೊದಲು ಬೆಟ್ಟದಲ್ಲಿ ಮೂರು ಕಡೆ ಆಳದ ಕಂದಕ ತೋಡಿದರು. ನಡುವೆ ಉಳಿದ ಬಂಡೆಯ ತಲೆಯಲ್ಲಿ ಶಿಖರ ಕಡೆದು, ಇಳಿಯುತ್ತ ಇಳಿಯುತ್ತ ಮಂಟಪ, ಕಂಬ, ಜಗತಿ ಬಿಡಿಸಿದರು. ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂದಿನ ಗೋಡೆ ನೂರು ಅಡಿಗೂ ಎತ್ತರ. ಅಗೆದು ಹೊರಹಾಕಿದ ಕಲ್ಲು ಎರಡು ಲಕ್ಷ ಟನ್ ಇರಬಹುದು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಭಾವ ಕಟ್ಟಡದ ಕೆಲಸದಲ್ಲೇ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಬಹಳ ಹೊತ್ತು ಸುಮ್ಮನೆ ನಿಂತಿದ್ದು ಆಮೇಲೆ ಹೇಳಿದರು: ‘ಕಟ್ಟೋದಾದ್ರ, ಒಂದು ಕಲ್ಲು ತಪ್ಪಿದ್ರ ತೆಗೆದು ಇನ್ನೊಂದು ಇಡಬಹುದು. ಇಲ್ಲಿ ಆನೆ ಸೊಂಡಿಲು ಮುರಿದ್ರ ಬೆಟ್ಟದಿಂದ ಮತ್ತೆ ಬೇಡಾಕ ಆಗ್ತದೇನು?’

ಈಗ ಇಳಿದು ಒಳಗೆ ಹೋಗಿ, ಪಟ್ಟದಕಲ್ಲಿನ ಚೀಟಿ ತೆಗೆಯಿರಿ. ಪ್ರಾಕಾರ ಇದೆ, ಬಾಗಿಲಿದೆ. ಬಾಗಿಲು ದಾಟಿದರೆ ಎದುರಿಗೆ ಗಜಲಕ್ಷ್ಮಿ. ನಂದಿ ಮಂಟಪ ಬಿಡಿಯಾಗಿಯೇ ಇದೆ. ಆದರೆ ಇಲ್ಲಿ ಅದು ಮಹಡಿಯ ಮೇಲಿದೆ, ಗುಡಿಗೂ ಅದಕ್ಕೂ ನಡುವೆ ಕಲ್ಲಿನ ಸೇತುವೆ. ಮೂರು ಕಡೆ ಮುಖಮಂಟಪ, ಒಳಗೆ ಹದಿನಾರು ಕಂಬ, ಮೇಲೆ ಶುಕನಾಸ. ಕಂಬಗಳ ಪಟ್ಟಿಕೆಯಲ್ಲಿದ್ದ ರಾಮಾಯಣ, ಮಹಾಭಾರತ ಇಲ್ಲಿ ಹೊರಗೋಡೆಗೆ ಬಂದಿವೆ: ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಮಹಾಭಾರತ, ಸಾಲು ಸಾಲಾಗಿ. ಎಲ್ಲವೂ ಗೊತ್ತಿರುವುದೇ, ಎಲ್ಲವೂ ದೊಡ್ಡದು.

ವ್ಯತ್ಯಾಸಗಳೂ ಇವೆ. ಗುಡಿಯನ್ನು ಸುಮಾರು 25 ಅಡಿ ಎತ್ತರದ ಗಟ್ಟಿ ಜಗತಿಯ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಆನೆಗಳ ಸಾಲೊಂದು ಅದನ್ನು ಹೊತ್ತು ನಿಂತಿದೆ. ವಿರೂಪಾಕ್ಷದಲ್ಲಿ ಗರ್ಭಗುಡಿಯ ಸುತ್ತ ಚಾವಣಿಯಿರುವ ಪ್ರದಕ್ಷಿಣ ಪಥವಿದ್ದರೆ, ಇಲ್ಲಿ ಬಯಲು ಹಾದಿ, ಸುತ್ತ ಐದು ಪುಟ್ಟ ಗುಡಿಗಳು. ಮಲಪ್ರಭೆಯ ದಡದ ಕಲ್ಲು ಕೆಂಪು ಮರಳುಗಲ್ಲು, ಇಲ್ಲಿಯದು ಕಪ್ಪು ಬಸಾಲ್ಟ್. ಆ ಕಪ್ಪನ್ನು ಒಂದು ಕಾಲದಲ್ಲಿ ಬಿಳಿ ಗಾರೆ ಮುಚ್ಚಿತ್ತು. ಮಂಟಪದ ಚಾವಣಿಯಲ್ಲಿ ಬಣ್ಣದ ಚಿತ್ರಗಳ ಅಳಿದುಳಿದ ತುಣುಕು ಇನ್ನೂ ಕಾಣುತ್ತದೆ. ದಕ್ಷಿಣದ ಬದಿಯಲ್ಲಿ ರಾವಣ ಕೈಲಾಸವನ್ನು ಅಲುಗಾಡಿಸುವ ಶಿಲ್ಪವಿದೆ. ಬೆಚ್ಚಿದ ಪಾರ್ವತಿ ಶಿವನ ತೋಳು ಹಿಡಿಯುತ್ತಾಳೆ, ಶಿವ ಪಾದದ ತುದಿಯಿಂದ ಬೆಟ್ಟವನ್ನು ಅದುಮುತ್ತಾನೆ. ಬೆಟ್ಟದೊಳಗೆ ಕಡೆದ ಬೆಟ್ಟದ ಕತೆ ಅದು. ಅಲ್ಲಿ ಅವಸರ ಮಾಡಬೇಡಿ.

ಹಿಂದಿನ ಅಂಗಳಕ್ಕೆ ಹೋಗಿ ಗೋಡೆಯ ಹತ್ತಿರ ನಿಂತು ನೋಡಿ. ಬಂಡೆಯ ಮೈಮೇಲೆ ಉಳಿಯ ಗೀರುಗಳು ಓರೆಯಾಗಿ ಇಳಿದಿವೆ. ಆ ಗೀರು ಎಳೆದವರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. 812ರ ಸುಮಾರಿನ ವಡೋದರ ತಾಮ್ರಪಟವೊಂದು ಕೃಷ್ಣನ ಈ ಗುಡಿಯನ್ನು ಹೊಗಳುತ್ತದೆ: ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳು ಬೆರಗಾದರಂತೆ, ಮಾಡಿದ ಶಿಲ್ಪಿಗೇ ಇದನ್ನು ನಾನು ಹೇಗೆ ಮಾಡಿದೆ ಎಂದು ಅಚ್ಚರಿಯಾಯಿತಂತೆ. ಅಚ್ಚರಿಪಟ್ಟ ಶಿಲ್ಪಿಯ ಹೆಸರು ಮಾತ್ರ ತಾಮ್ರಪಟದಲ್ಲಿಲ್ಲ. ಆ ಜಾಗವನ್ನು ಮರಾಠಿಯ ಐತಿಹ್ಯ ತುಂಬಿದೆ. ಗಂಡನ ಕಾಯಿಲೆ ವಾಸಿಯಾದರೆ ಶಿವನಿಗೆ ಗುಡಿ ಕಟ್ಟಿಸುತ್ತೇನೆ, ಶಿಖರ ಕಾಣುವವರೆಗೆ ಉಪವಾಸ ಇರುತ್ತೇನೆ ಎಂದು ರಾಣಿ ಹರಕೆ ಹೊತ್ತಳು. ಪೈಠಣದ ಕೋಕಾಸನೆಂಬ ಶಿಲ್ಪಿ ಶಿಖರದಿಂದಲೇ ಕೆಲಸ ಶುರುಮಾಡಿ ವಾರದೊಳಗೆ ಅವಳ ಉಪವಾಸ ಬಿಡಿಸಿದನಂತೆ. ಪಟ್ಟದಕಲ್ಲಿನ ಗುಂಡನಿಗೆ ಶಾಸನ ಸಿಕ್ಕಿತು, ಎಲ್ಲೋರದವನಿಗೆ ಕತೆ ಸಿಕ್ಕಿತು.

ಉಳಿದ ಗುಹೆಗಳಿಗೆ ಒಂದು ಕ್ರಮ

ಕೈಲಾಸಕ್ಕೆ ಎರಡೂವರೆ ಗಂಟೆ ಕೊಡಿ. ನಂತರ ಪಕ್ಕದ 15ನೇ ಗುಹೆ ದಶಾವತಾರ. ದಂತಿದುರ್ಗನ ಶಾಸನ ಇರುವುದು ಇಲ್ಲಿ. ಬಿಸಿಲು ಏರುವ ಹೊತ್ತಿಗೆ ಜೈನ ಗುಹೆಗಳಿಗೆ ಹೋಗುವ ಬ್ಯಾಟರಿ ಬಸ್ಸು ಹತ್ತಿ, ನಡೆಯುವುದು ದಂಡ. 32ನೇ ಇಂದ್ರಸಭೆಯ ಚಾವಣಿಯ ಕಮಲ, ಕಂಬಗಳ ನಯ ನೋಡಿ. 33ನೇ ಜಗನ್ನಾಥಸಭೆಯಲ್ಲಿ ಹಳಗನ್ನಡದ ಬರಹಗಳಿವೆ, ಸವೆದಿವೆ. ಓದಲು ಬರದಿದ್ದರೂ ನಮ್ಮ ಅಕ್ಷರ ಎಂದು ಗುರುತು ಹಿಡಿಯುವ ಸುಖ ಬೇರೆ. ಬೆಳಿಗ್ಗೆ ಬಸ್ಸಿನ ಬೋರ್ಡಿನಲ್ಲಿ ಕಂಡದ್ದು ಊರಿನ ಹೆಸರು, ಇದು ನಿಜವಾದ ಕನ್ನಡ.

30ನೇ ನಂಬರನ್ನು ಬಿಡಬೇಡಿ. ಅದರ ಹೆಸರು ಛೋಟಾ ಕೈಲಾಸ. ಜೈನರು ಕೈಲಾಸದ ಮಾದರಿಯಲ್ಲೇ ಸಣ್ಣದಾಗಿ ಶುರುಮಾಡಿ ಅರ್ಧಕ್ಕೆ ಬಿಟ್ಟದ್ದು. ಕಂಚಿಯಿಂದ ಪಟ್ಟದಕಲ್ಲಿಗೆ, ಅಲ್ಲಿಂದ ಕೈಲಾಸಕ್ಕೆ ಬಂದ ಎಳೆ ಇಲ್ಲಿ ಬಂದು ನಿಂತಿದೆ. ಮುಗಿದ ಗುಡಿ ಕೆಲಸದ ಗುಟ್ಟು ಬಿಟ್ಟುಕೊಡುವುದಿಲ್ಲ. ಮುಗಿಯದ್ದು ಎಲ್ಲವನ್ನೂ ಹೇಳುತ್ತದೆ.

ಮಧ್ಯಾಹ್ನ ಮೂರರ ನಂತರ ಬೌದ್ಧ ಗುಹೆಗಳಿಗೆ ಬನ್ನಿ. ಬೆಟ್ಟದ ಮುಖ ಪಶ್ಚಿಮಕ್ಕಿರುವುದರಿಂದ ಇಳಿಬಿಸಿಲು ನೇರ ಒಳಗೆ ಬರುತ್ತದೆ. 10ನೇ ವಿಶ್ವಕರ್ಮ ಗುಹೆಯ ಚಾವಣಿಯಲ್ಲಿ ಕಲ್ಲನ್ನೇ ಮರದ ತೊಲೆಗಳಂತೆ ಕಡೆದಿದ್ದಾರೆ. ಬಡಗಿಯ ಗುಡಿಸಲು ಎಂದು ಜನ ಕರೆಯುವುದು ಅದಕ್ಕೇ. ಸಂಜೆಯ ಬೆಳಕು ಸ್ತೂಪದ ಮುಂದೆ ಕೂತ ಬುದ್ಧನ ಮುಖದ ಮೇಲೆ ಬಿದ್ದಾಗ ಅಲ್ಲಿರುವವರೆಲ್ಲ ತಾವಾಗಿ ಮಾತು ನಿಲ್ಲಿಸುತ್ತಾರೆ. ಕಾಲಿನಲ್ಲಿ ಇನ್ನೂ ಶಕ್ತಿಯಿದ್ದರೆ 12ನೇ ಗುಹೆಯ ಮೂರನೇ ಮಹಡಿ ಹತ್ತಿ. ಎರಡೂ ಬದಿಗೆ ಏಳೇಳು ಬುದ್ಧರು ಸಾಲಾಗಿ ಕೂತಿದ್ದಾರೆ.

ಅಕ್ಕಪಕ್ಕದಲ್ಲಿ

ಮಂಗಳವಾರ ಸಿಕ್ಕಿಬಿದ್ದ ನಮಗೆ ಆ ದಿನವೇನೂ ಹಾಳಾಗಲಿಲ್ಲ. ಎಲ್ಲೋರದಿಂದ ನಡೆದೇ ಹೋಗುವಷ್ಟು ಹತ್ತಿರ ಘೃಷ್ಣೇಶ್ವರ ಜ್ಯೋತಿರ್ಲಿಂಗ. ಈಗಿನ ಗುಡಿ ಅಹಲ್ಯಾಬಾಯಿ ಹೋಳ್ಕರ್ 18ನೇ ಶತಮಾನದಲ್ಲಿ ಕಟ್ಟಿಸಿದ್ದು. ಗಂಡಸರು ಅಂಗಿ ಬನಿಯನ್ ತೆಗೆದು ಗರ್ಭಗುಡಿಗೆ ಹೋಗಬೇಕು. ಬರುವಾಗ ದೌಲತಾಬಾದ್ ಕೋಟೆ. ಇದೇ ಸೇವುಣರ ದೇವಗಿರಿ. ಕನ್ನಡದಲ್ಲಿ ನೂರಾರು ಶಾಸನ ಬರೆಸಿದ ಮನೆತನದ ರಾಜಧಾನಿ. 1327ರಲ್ಲಿ ಮಹಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿ ಸಾಗಿಸಿದ್ದೂ ಇಲ್ಲಿಗೇ. ತುದಿಗೆ ಹತ್ತಲು ಮೊಣಕಾಲು ಗಟ್ಟಿಯಿರಬೇಕು. ನಡುವೆ ಕತ್ತಲ ಸುರಂಗವೊಂದಿದೆ, ಟಾರ್ಚ್ ಬೇಕು. ಹಣ್ಣಿನ ಕಾಲವಾದರೆ ಕೋಟೆಯ ಬುಡದಲ್ಲಿ ಸೀತಾಫಲದ ರಾಶಿ.

ಊಟಕ್ಕೆ ‘ಪಿಠಲ ಭಾಕರಿ’ ಕೇಳಿ. ತಟ್ಟೆಗೆ ಬಂದಾಗ ನಗು ಬರುತ್ತದೆ: ನಮ್ಮ ಜುಣಕ, ನಮ್ಮ ಜೋಳದ ರೊಟ್ಟಿ.

ಅಜಂತಾ ಇನ್ನೊಂದು ದಿಕ್ಕಿಗೆ ಸುಮಾರು 100 ಕಿ.ಮೀ. ಅದನ್ನು ಅದೇ ದಿನ ತುರುಕಬೇಡಿ, ಪೂರ್ತಿ ದಿನ ಕೊಡಿ. 1ನೇ ಗುಹೆಯ ಚಿತ್ರವೊಂದನ್ನು ತೋರಿಸಿ ಇಮ್ಮಡಿ ಪುಲಕೇಶಿಯ ಆಸ್ಥಾನಕ್ಕೆ ಬಂದ ಪರ್ಷಿಯಾದ ದೂತರು ಎಂದು ಗೈಡುಗಳು ಹೇಳಬಹುದು. ಆ ಚಿತ್ರಗಳು ಪುಲಕೇಶಿಗಿಂತ ಒಂದೂವರೆ ಶತಮಾನ ಹಿಂದಿನ ವಾಕಾಟಕರ ಕಾಲದವು ಎಂಬುದು ಈಗ ಹೆಚ್ಚಿನ ವಿದ್ವಾಂಸರ ನಿಲುವು. ನಮ್ಮ ದೊರೆ ಎಂಬ ಅಭಿಮಾನಕ್ಕೆ ಇಲ್ಲಿ ಹೊಂದುವ ಕಾರಣವಿಲ್ಲ, ಎಲ್ಲೋರದಲ್ಲಿ ಬೇಕಾದಷ್ಟಿದೆ.

ದಾರಿ, ದಿನ, ದುಡ್ಡು

*ದಾರಿ:* ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್, ಸಂಭಾಜಿನಗರ ಎಲ್ಲವೂ ರಾಷ್ಟ್ರೀಯ ಹೆದ್ದಾರಿ 52ರ ಮೇಲಿವೆ. ಕಾರಿನವರಿಗೆ ದಾರಿ ಕೇಳುವ ಕೆಲಸವೇ ಇಲ್ಲ. ಸೊಲ್ಲಾಪುರದಿಂದ ಸಂಭಾಜಿನಗರಕ್ಕೆ ಸುಮಾರು 300 ಕಿ.ಮೀ. ಕಾರಿಲ್ಲದವರು ಬಾದಾಮಿಯಿಂದ ಸೊಲ್ಲಾಪುರಕ್ಕೆ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಹೋಗಬಹುದು. ಕಲ್ಯಾಣ ಕರ್ನಾಟಕದವರಿಗೆ ಹೈದರಾಬಾದಿನಿಂದ ಮನ್ಮಾಡ್ ಕಡೆಗೆ ಹೋಗುವ ರೈಲುಗಳು ಅನುಕೂಲ. ಸಂಭಾಜಿನಗರದಿಂದ ಎಲ್ಲೋರ 30 ಕಿ.ಮೀ.

*ದಿನ:* ಒಟ್ಟು ಐದು ದಿನ ಇಟ್ಟುಕೊಳ್ಳಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಒಂದೂವರೆ ದಿನ, ಪ್ರಯಾಣಕ್ಕೆ ಒಂದು, ಎಲ್ಲೋರಕ್ಕೆ ಒಂದೂವರೆ, ದೌಲತಾಬಾದ್ ಸೇರಿಸಿ ಉಳಿದದ್ದು ವಾಪಸ್ ದಾರಿಗೆ. ಅಜಂತಾ ಬೇಕಾದರೆ ಆರು.

*ಕಾಲ:* ಅಕ್ಟೋಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ 29ನೇ ಗುಹೆಯ ಪಕ್ಕ ಜಲಪಾತ ಧುಮುಕುತ್ತದೆ, ಬೆಟ್ಟ ಹಸಿರಾಗಿರುತ್ತದೆ, ಮೆಟ್ಟಿಲು ಜಾರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ಕಡೆ ಕಲ್ಲು ಕಾಯುತ್ತದೆ, ಹೋಗಬೇಡಿ.

*ದುಡ್ಡು:* ನಾವು ಹೋದಾಗ ಎರಡೂ ಕಡೆ ಪ್ರವೇಶ 40 ರೂಪಾಯಿ, ನಗದಿಲ್ಲದೆ ಕೊಟ್ಟರೆ 35. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತದೆ.

*ಚೀಲದಲ್ಲಿ:* ನೀರು, ಟೋಪಿ, ಒಳ್ಳೆಯ ಹಿಡಿತದ ಚಪ್ಪಲಿ, ಕತ್ತಲ ಮೂಲೆಗಳಿಗೆ ಸಣ್ಣ ಟಾರ್ಚ್. ಬಣ್ಣ ಉಳಿದ ಕಡೆ ಫ್ಲಾಶ್ ಬೇಡ. ಟ್ರೈಪಾಡಿಗೆ ಅನುಮತಿ ಬೇಕು. ಆಹಾರ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳಿವೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ಬಿಡುವಿರುವುದು ಎರಡೇ ದಿನ ಎಂದಾದರೆ ನನ್ನ ಮಾತು ಇದು: ಎಲ್ಲೋರವನ್ನು ಮುಂದಿನ ವರ್ಷಕ್ಕಿಡಿ, ಪಟ್ಟದಕಲ್ಲಿಗೆ ಹೋಗಿ. ಮಕ್ಕಳಿದ್ದರೆ ಪೂರ್ವದ ಬಾಗಿಲಿನ ಬಳಿ ನಿಲ್ಲಿಸಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿಸಿ. ಮುಂದಿನ ವರ್ಷ ಅದೇ ಮಕ್ಕಳನ್ನು ಕರೆದುಕೊಂಡು ‘ಕನ್ನಡ’ ಬೋರ್ಡಿನ ಬಸ್ಸು ಹತ್ತಿ. ಮಂಗಳವಾರ ಬಿಟ್ಟು.